ಎಸ್ಪ್ರೆಸೊ ಮಷಿನ್ ತಗೊಳ್ಳೋರು ಮೊದಲು ನೀರು ನೋಡಿ

ಕೋಲಾರ, ಮಾಲೂರು ಕಡೆ ಬೋರ್‌ವೆಲ್ ನೀರು ಗಡಸು. ಅದನ್ನೇ ಟ್ಯಾಂಕಿಗೆ ಸುರಿದರೆ ಒಳಗೆ ಬಿಳಿ ಸುಣ್ಣ ಕಟ್ಟಿ ಹಬೆ ತಗ್ಗುತ್ತೆ, ಕೊನೆಗೆ ನೀರೇ ಹರಿಯಲ್ಲ. ಆರ್‌ಒ ನೀರು ಹಾಕಿ. ಆದರೆ ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಅಳತೆ) ತೀರಾ ಕಮ್ಮಿಯಾದರೆ ಕಾಫಿ ಸಪ್ಪೆ, ಕೆಲವು ಮಷಿನ್‌ಗಳ ಸೆನ್ಸರ್‌ಗೆ ನೀರಿದೆ ಅಂತಲೇ ಗೊತ್ತಾಗಲ್ಲ. ಟಿಡಿಎಸ್ ಲೀಟರಿಗೆ 75ರಿಂದ 150 ಮಿಲಿಗ್ರಾಂ ಇರಲಿ.

ಡಬ್ಬಿ ಮೇಲಿನ ‘15 ಬಾರ್’ಗೆ ಮರುಳಾಗಬೇಡಿ, ಕಾಫಿ ಇಳಿಯೋಕೆ ಬೇಕಾಗಿರೋ ಒತ್ತಡ 9 ಬಾರ್ ಸುಮಾರು. ಉಳಿದ ದುಡ್ಡನ್ನ ಒಳ್ಳೆ ಗ್ರೈಂಡರ್‌ಗೆ ಹಾಕಿ. ಚಿಕೋರಿ ಬೆರೆಸಿದ ಫಿಲ್ಟರ್ ಪುಡಿ ಖಂಡಿತ ಬೇಡ, ಅಂಟಂಟಾಗಿ ಜಾಲರಿ ಕಟ್ಟಿಕೊಳ್ಳುತ್ತೆ.

ಅಳತೆ: 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25–30 ಸೆಕೆಂಡಲ್ಲಿ. ಕಣ್ಣಳತೆ ಸಾಲದು, ಲೋಟದ ಕೆಳಗೆ ತಕ್ಕಡಿ ಇಡಿ. 15 ಸೆಕೆಂಡಿಗೇ ಸುರಿದು ಹುಳಿ ಹೊಡೆದರೆ ಇನ್ನೂ ನುಣ್ಣಗೆ ಬೀಸಿ. ತೊಟ್ಟಿಕ್ಕಿ ಕಹಿಯಾದರೆ ಒಂದು ಹಂತ ತರಿಯಾಗಿ. ಒಂದೇ ಬದಿಯಿಂದ ಚಿಮ್ಮುತ್ತಾ? ಪುಡಿ ಸಮ ಕೂತಿಲ್ಲ. ಟ್ಯಾಂಪ್ ಮಾಡೋ (ಪುಡಿ ಒತ್ತಿ ಕೂರಿಸೋ) ಮುಂಚೆ ತೆಳು ಸೂಜಿಯಿಂದ ಗಂಟು ಬಿಡಿಸಿ. ಪುಡಿಯ ನುಣುಪು, ಅಳತೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ, ಯಾವುದರಿಂದ ಸರಿಹೋಯ್ತು ಅಂತ ತಿಳಿಯಲ್ಲ.

ಹಾಲು ಕಾಯಿಸಿದ ಕೂಡಲೇ ಹಬೆ ನಳಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ಸೆಕೆಂಡ್ ಹಬೆ ಬಿಡಿ. ಒಣಗಿದ ಹಾಲು ತೂತು ಮುಚ್ಚಿಬಿಡುತ್ತೆ.