ಮನೆ ಬಾಡಿಗೆಗೆ ಕೊಡ್ತೀರಾ? ಭಿಡೆ ಬಿಟ್ಟು ಕೊಡಿ

ನಮ್ಮ ಕಡೆ ಮನೆ ಬಾಡಿಗೆಗೆ ಕೊಡುವುದು ಹೆಚ್ಚಾಗಿ ಬಾಯಿಮಾತಿನ ವ್ಯವಹಾರ. ಪರಿಚಯದವರೊಬ್ಬರು ಫೋನ್ ಮಾಡಿ "ನಮ್ಮ ಮಂದೀನ ಅದಾರ, ಭಾಳ ಛಲೋ" ಅನ್ನುತ್ತಾರೆ, ನಾವು ಚಹಾ ಕುಡಿಸಿ ಕೀಲಿ ಕೊಟ್ಟು ಕಳಿಸುತ್ತೇವೆ. ಧಾರವಾಡದ ನಮ್ಮ ಮನೆಯ ಮೇಲಿನ ಮಹಡಿಯನ್ನೂ ಹೀಗೇ ಕೊಟ್ಟಿದ್ದೆವು. ಕಾಗದ ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನೋ ಭಿಡೆ. ಎರಡು ವರ್ಷ ಇದ್ದರು. ಒಂದು ಭಾನುವಾರ ನಾವು ಊರಲ್ಲಿಲ್ಲದಾಗ ಟೆಂಪೊ ತಂದು ಸಾಮಾನು ಹೇರಿಕೊಂಡು ಹೋದರು. ಮೂರು ತಿಂಗಳ ಬಾಡಿಗೆ ಬಾಕಿ, ಕರೆಂಟ್ ಬಿಲ್ ಬಾಕಿ, ಬಚ್ಚಲಿನ ನಳ ಮುರಿದು ಅದಕ್ಕೆ ಹಳೆ ಲುಂಗಿಯ ತುಂಡು ಸುತ್ತಿ ಬಿಗಿದಿದ್ದರು. ನಮ್ಮ ಕೈಯಲ್ಲಿದ್ದ ಅಡ್ವಾನ್ಸ್ ಒಂದೇ ತಿಂಗಳದ್ದು.

ಆಮೇಲೆ ಕಲಿತದ್ದು ಇಲ್ಲಿದೆ.

ಮೊದಲು, ಬಂದವರು ಯಾರು ನೋಡಿ

ಆಧಾರ್ ಜೆರಾಕ್ಸ್ ಒಂದೇ ಸಾಲದು. ಕೆಲಸದ ಐಡಿ, ಊರಿನ ವಿಳಾಸ, ಊರಲ್ಲಿರುವ ಯಾರಾದರೊಬ್ಬರ ಫೋನ್ ನಂಬರ್ ತಗೊಳ್ಳಿ. ಹಿಂದೆ ಇದ್ದ ಮನೆಯ ಮಾಲೀಕರಿಗೆ ಒಂದು ಫೋನ್ ಮಾಡಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಐದು ನಿಮಿಷದ ಆ ಮಾತಿನಲ್ಲಿ ತಿಳಿಯುವಷ್ಟು ಯಾವ ಕಾಗದದಲ್ಲೂ ತಿಳಿಯುವುದಿಲ್ಲ. ಈಗಿನ ಮಾಲೀಕರಿಗಲ್ಲ, ಅದಕ್ಕೂ ಹಿಂದಿನವರಿಗೆ ಮಾಡಿದರೆ ಇನ್ನೂ ಒಳ್ಳೆಯದು. ಈಗಿನವರು ಪೀಡೆ ತೊಲಗಲಿ ಅಂತ ಹೊಗಳಲೂಬಹುದು, ಅಲ್ವಾ?

ಧಾರವಾಡದ ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಜಾಸ್ತಿ. ಹುಡುಗನ ಜೊತೆಗೆ ಅವನ ತಂದೆಯ ಹತ್ತಿರವೂ ಒಮ್ಮೆ ಮಾತಾಡಿ. ಹುಬ್ಬಳ್ಳಿಯಲ್ಲಿ ರೈಲ್ವೆ, ಬ್ಯಾಂಕಿನವರು ಬಂದರೆ ನಾವು ಕಣ್ಣು ಮುಚ್ಚಿ ಒಪ್ಪಿಬಿಡುತ್ತೇವೆ. ಅವರ ಕಾಗದವನ್ನೂ ಅಷ್ಟೇ ಗಟ್ಟಿಯಾಗಿ ಕೇಳಿ.

ಇದೆಲ್ಲ ಆದ ಮೇಲೆ ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ, ಫೋಟೊ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಪೊಲೀಸರ ಹೆಸರೆತ್ತಿದ ತಕ್ಷಣ "ಯೋಚಿಸಿ ಹೇಳ್ತೀವಿ" ಅಂತ ಹೋದವರು ವಾಪಸ್ ಬರದಿದ್ದರೆ ಬೇಜಾರಾಗಬೇಡಿ.

ಕರಾರು ಪತ್ರ ಓದಿ ಸಹಿ ಮಾಡಿ

ಕೋರ್ಟ್ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕರಾರಿನಲ್ಲಿ ಹೆಸರು ಮಾತ್ರ ಬದಲಾಗಿರುತ್ತದೆ. ನನಗೆ ಸಿಕ್ಕಿದ ಒಂದರಲ್ಲಂತೂ ಇನ್ಯಾರದೋ ಮನೆಯ ಚೆಕ್‌ಬಂದಿ ಹಾಗೇ ಉಳಿದಿತ್ತು.

ಎಲ್ಲರೂ 11 ತಿಂಗಳಿಗೇ ಬರೆಸುವುದು ಯಾಕೆ? ಒಂದು ವರ್ಷ ದಾಟುವ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಮೂರು ವರ್ಷಕ್ಕೆ ಬರೆದು ನೋಂದಣಿ ಮಾಡಿಸದೆ ಕಪಾಟಿನಲ್ಲಿಟ್ಟರೆ, ಜಗಳ ಬಂದಾಗ ಅದರಲ್ಲಿನ ಷರತ್ತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. 11 ತಿಂಗಳಾದ ಮೇಲೆ ಹೊಸದಾಗಿ ಬರೆಸಬೇಕು. ಬರೆಸದೆ ಬಾಡಿಗೆ ತಗೊಳ್ಳುತ್ತಾ ಹೋದರೆ ಅದು ತಿಂಗಳ ಲೆಕ್ಕದ ಬಾಡಿಗೆಯಾಗಿ ಮುಂದುವರಿಯುತ್ತದೆ.

ಕರಾರಿನಲ್ಲಿ ಬಾಡಿಗೆ, ಅಡ್ವಾನ್ಸ್, ಕೊಡಬೇಕಾದ ತಾರೀಕು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಬೇರೆಯೇ. ಒಳಬಾಡಿಗೆ ಕೊಡಬಾರದು ಅಂತ ಬರೆಯಿರಿ. ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬೇಡ ಅಂತ ನೀವು ಬರೆಯದಿದ್ದರೆ ಬಾಡಿಗೆದಾರ ಮತ್ತೊಬ್ಬರಿಗೆ ಒಳಬಾಡಿಗೆ ಕೊಡಲು ಆ ಕಾಯ್ದೆಯಲ್ಲೇ ದಾರಿ ಇದೆ. ಇಬ್ಬರು ಹುಡುಗರಿಗೆ ಕೊಟ್ಟ ರೂಮಿನಲ್ಲಿ ಆರು ಜೊತೆ ಚಪ್ಪಲಿ ಕಂಡಾಗ ನೆನಪಾಗುವ ಮಾತು ಇದು. ಎಷ್ಟು ಜನ ಇರಬೇಕು, ವಾಸಕ್ಕೆ ಮಾತ್ರವೋ ಅಲ್ಲವೋ, ಪೇಂಟಿಂಗ್ ಖರ್ಚು ಯಾರದ್ದು, ಬಿಡುವ ಮೊದಲು ಎಷ್ಟು ದಿನದ ನೋಟಿಸು, ಸಂಪಿನ ಮೋಟಾರು ಕೆಟ್ಟರೆ ಯಾರು ಮಾಡಿಸಬೇಕು ಎಲ್ಲವನ್ನೂ ಬರೆಯಿರಿ. ನಗಬೇಡಿ, ನೀರಿನ ಜಗಳವೇ ನಮ್ಮಲ್ಲಿ ಜಾಸ್ತಿ.

1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಹೆಸರು ಹೇಳಿ ಹೆದರಿಸುವವರೂ ಇದ್ದಾರೆ. ತಿಂಗಳ ಬಾಡಿಗೆ 3,500 ರೂಪಾಯಿ, ಕೆಲವು ಊರುಗಳಲ್ಲಿ 2,000 ರೂಪಾಯಿ ದಾಟಿದ ಮನೆಗೆ ಅದು ಬರುವುದಿಲ್ಲ. ಈಗ ಆ ದುಡ್ಡಿಗೆ ಎಂಥ ಮನೆ ಸಿಗುತ್ತದೆ?

ಕೀಲಿ ಕೊಡುವ ದಿನ

ನನ್ನ ಪ್ರಕಾರ ಅರ್ಧ ಕೆಲಸ ಇರುವುದು ಈ ದಿನವೇ. ಖಾಲಿ ಮನೆಯಲ್ಲಿ ಬಾಡಿಗೆದಾರರ ಜೊತೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿ. ಗೋಡೆ, ಫರಸಿ, ಕಿಟಕಿಯ ಗಾಜು, ಪ್ರತಿ ನಳ ತಿರುಗಿಸಿ ನೀರು ಬರುವುದು, ಫ್ಯಾನ್ ತಿರುಗುವುದು, ಮೊದಲೇ ಇದ್ದ ಬಿರುಕು, ಯಾವುದನ್ನೂ ಬಿಡಬೇಡಿ. ಅವತ್ತೇ ಅದನ್ನು ಅವರ ವಾಟ್ಸಾಪ್‌ಗೆ ಕಳಿಸಿ "ಸರಿ ಇದೆ" ಅಂತ ಉತ್ತರ ಪಡೆಯಿರಿ. ಇದರಿಂದ ಅವರಿಗೂ ಲಾಭ, ಹಳೆ ಬಿರುಕು ಅವರ ತಲೆಗೆ ಬರುವುದಿಲ್ಲ.

ಮೀಟರಿನ ಫೋಟೊ ಮರೆಯಬೇಡಿ. ಹೆಸ್ಕಾಂ ಬಾಕಿ ಇರುವುದು ಮೀಟರಿನ ಆರ್‌ಆರ್ ನಂಬರಿನ ಮೇಲೆ, ಅಂದರೆ ಬಾಡಿಗೆದಾರ ಹೋದ ಮೇಲೆ ಅದು ನಿಮ್ಮ ಕೊರಳಿಗೆ. ಗೃಹಜ್ಯೋತಿ ಬಂದ ಮೇಲೆ ಇನ್ನೊಂದು ಗಂಟು ಸೇರಿದೆ. 2023ರಿಂದ 200 ಯೂನಿಟ್‌ವರೆಗಿನ ಈ ಸೌಲಭ್ಯಕ್ಕೆ ಬಾಡಿಗೆದಾರರು ತಮ್ಮ ಆಧಾರ್ ಅನ್ನು ನಿಮ್ಮ ಆರ್‌ಆರ್ ನಂಬರಿಗೆ ಜೋಡಿಸಿರುತ್ತಾರೆ. ಹೋಗುವಾಗ ಡಿ-ಲಿಂಕ್ ಮಾಡದಿದ್ದರೆ ಮುಂದೆ ಬರುವವರಿಗೆ ತೊಂದರೆ. ನಮ್ಮ ಆ ಟೆಂಪೊದವರು ಫೋನ್ ಎತ್ತುತ್ತಿರಲಿಲ್ಲ. ಹೊಸಬರು ಎರಡು ತಿಂಗಳು ಪೂರ್ತಿ ಬಿಲ್ ಕಟ್ಟಿದರು, ಆ ದುಡ್ಡನ್ನು ನಾನು ಬಾಡಿಗೆಯಲ್ಲಿ ಮುರಿದುಕೊಟ್ಟೆ. ಈಗ ಅಡ್ವಾನ್ಸ್ ವಾಪಸ್ ಕೊಡುವ ಮೊದಲು ಸೇವಾಸಿಂಧು ಪೋರ್ಟಲ್‌ನಲ್ಲಿ ನನ್ನ ಎದುರಿಗೇ ಡಿ-ಲಿಂಕ್ ಮಾಡಿಸುತ್ತೇನೆ.

ದುಡ್ಡು ಬ್ಯಾಂಕಿನಲ್ಲಿ

ಬಾಡಿಗೆಯನ್ನು ಖಾತೆಗೆ ಅಥವಾ ಫೋನ್‌ಪೇಗೆ ಹಾಕಿಸಿಕೊಳ್ಳಿ. ತೆರಿಗೆ ಬೀಳುತ್ತದೆ ಅಂತ ನಗದು ಕೇಳುವವರು ಇದೊಂದು ಲೆಕ್ಕ ನೋಡಿ. ವರ್ಷದ ಬಾಡಿಗೆಯಲ್ಲಿ ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30ರಷ್ಟನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಬಿಡುತ್ತಾರೆ. ರಿಪೇರಿಯ ಬಿಲ್ ತೋರಿಸಬೇಕಿಲ್ಲ. ನಾಳೆ ಆರು ತಿಂಗಳ ಬಾಡಿಗೆ ಬಂದಿಲ್ಲ ಅಂತ ಸಾಬೀತು ಮಾಡಬೇಕಾದರೆ ಬ್ಯಾಂಕ್ ಪಾಸ್‌ಬುಕ್ಕೇ ಸಾಕ್ಷಿ.

ಬಿಡಲ್ಲ ಅಂದರೆ?

ಸಿಟ್ಟು ಬರುತ್ತದೆ, ನಿಜ. ಆದರೂ ನೀರು, ಕರೆಂಟ್ ಕಟ್ ಮಾಡಬೇಡಿ, ಸಾಮಾನು ಹೊರಗಿಡಬೇಡಿ. ಬಲವಂತವಾಗಿ ಹೊರಹಾಕಿದರೆ ಅವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆ ವಾಪಸ್ ಕೇಳಬಹುದು. ಅಲ್ಲಿ ಮಾಲೀಕರು ಯಾರು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಸರಿಯಾದ ದಾರಿ ನೋಟಿಸು. ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಸಾಕು. ವಕೀಲರ ಮೂಲಕ, ತಲುಪಿದ ದಾಖಲೆ ಸಿಗುವ ಹಾಗೆ ಅಂಚೆಯಲ್ಲಿ ಕಳಿಸಿ. ಗಡುವು ಮುಗಿದ ಮೇಲಿನ ತಿಂಗಳ ಬಾಡಿಗೆಯನ್ನು ವಕೀಲರನ್ನು ಕೇಳದೆ ತಗೊಳ್ಳಬೇಡಿ, ನೋಟಿಸು ನೀವೇ ಹಿಂತೆಗೆದುಕೊಂಡಿರಿ ಅನ್ನುವ ವಾದಕ್ಕೆ ಜಾಗ ಸಿಗುತ್ತದೆ.

"12 ವರ್ಷ ಇದ್ದರೆ ಮನೆ ಅವರದ್ದೇ" ಅನ್ನೋ ಮಾತನ್ನು ಕಟ್ಟೆ ಮೇಲೆ ಕೇಳಿಯೇ ಇರುತ್ತೀರಿ. ಬಾಡಿಗೆದಾರರಾಗಿ ಬಂದವರು ಬರೀ ವರ್ಷ ಎಣಿಸಿ ಮಾಲೀಕರಾಗುವುದಿಲ್ಲ. ಆದರೆ ಬಾಡಿಗೆ ಸಂಬಂಧ ಮುರಿದ ಮೇಲೂ ನೀವು ಸುಮ್ನೆ 12 ವರ್ಷ ಕೂತರೆ ದಾವೆ ಹಾಕುವ ಅವಧಿಯೇ ದಾಟಿಹೋಗುತ್ತದೆ.

ಕೊನೆಗೆ ಮನೆ ಖಾಲಿಯಾದ ದಿನ ಹಳೆ ವಿಡಿಯೊ ತೆಗೆದು ಇಬ್ಬರೂ ಜೊತೆಗೆ ನೋಡಿ, ಅಡ್ವಾನ್ಸ್ ಲೆಕ್ಕ ಬರೆದು ಸಹಿ ಹಾಕಿಸಿಕೊಳ್ಳಿ. ಮುಂಬಾಗಿಲಿನ ಕೀಲಿಯನ್ನೂ ಬದಲಾಯಿಸಿ. ನಾವು ಎರಡು ಕೀಲಿಕೈ ಕೊಟ್ಟಿದ್ದ ಮನೆಯಿಂದ ಮೊನ್ನೆ ವಾಪಸ್ ಬಂದದ್ದು ಐದು.