ಎರಡು ಹಡಗು ಕುಯ್ದು ಒಂದು ಮಾಡಿದ ನನ್ನ ಅನುಭವ

ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧಹಡಗು ಜುಬಿಯನ್‌ನ ಮಾಡೆಲ್ ಮಾಡಲು ಹೊರಟಿದ್ದೆ. "ಒಂದೇ ಒಡಲು ಕಟ್ಟಿ, ತುಂಡು ಸೇರಿದ ಕಡೆ ಗೆರೆ ಎಳೆದರೆ ಸಾಕು ಮಾರಾಯ್ರೇ" ಅಂತ ಮಾಡೆಲ್ ಮಾಡುವ ಗೆಳೆಯರೆಲ್ಲ ಹೇಳಿದ್ದರು. ನನ್ನ ಮನಸ್ಸು ಒಪ್ಪಲಿಲ್ಲ. ಜುಬಿಯನ್ ಹುಟ್ಟಿದ್ದೇ ಎರಡು ಹಡಗು ಸೇರಿ ಅಲ್ವಾ? 1916ರ ಅಕ್ಟೋಬರ್‌ನಲ್ಲಿ ಡೋವರ್ ಜಲಸಂಧಿಯಲ್ಲಿ ಜರ್ಮನ್ ಟಾರ್ಪೆಡೊ ಬಡಿದು ನುಬಿಯನ್ ಹಡಗಿನ ಮೂತಿ ಹೋಯಿತು. ಅದೇ ಸುಮಾರಿಗೆ ಮೈನ್ ಸಿಡಿದು ಜುಲು ಹಿಂಭಾಗ ಕಳೆದುಕೊಂಡಿತು. ಎರಡೂ ಟ್ರೈಬಲ್ ಅನ್ನೋ ಒಂದೇ ವರ್ಗದ ಡಿಸ್ಟ್ರಾಯರ್‌ಗಳೇ, ಅಂದರೆ ವೇಗದ ಸಣ್ಣ ಯುದ್ಧಹಡಗುಗಳು. ಇಂಗ್ಲೆಂಡಿನ ಚಾಟಮ್ ಹಡಗುಕಟ್ಟೆಯವರು ಉಳಿದ ತುಂಡುಗಳನ್ನು ಸೇರಿಸಿ, ಹೆಸರನ್ನೂ ಸೇರಿಸಿ ಜುಬಿಯನ್ ಅಂತ ಕರೆದು 1917ರ ಜೂನ್‌ನಲ್ಲಿ ಮತ್ತೆ ಯುದ್ಧಕ್ಕೆ ಬಿಟ್ಟರು. ನಾನೂ ಎರಡು ಪೂರ್ತಿ ಒಡಲು ಕಟ್ಟಿ ಕುಯ್ಯುವುದು ಅಂತ ಹಟ ಹಿಡಿದೆ.

ಅಳತೆ ನೂರಕ್ಕೊಂದು. ಉದ್ದ ಹೆಚ್ಚುಕಮ್ಮಿ 85 ಸೆಂ.ಮೀ. ತಲೆನೋವು ಬಂದಿದ್ದು ಅಗಲದಲ್ಲಿ. ಒಂದೊಂದು ಹಡಗನ್ನು ಒಂದೊಂದು ಕಂಪನಿ ಕಟ್ಟಿತ್ತು. ಹಾಗಾಗಿ ಎರಡರ ಅಗಲದಲ್ಲಿ ಮೂರೂವರೆ ಇಂಚು ವ್ಯತ್ಯಾಸ. ನನ್ನ ಮಾಡೆಲ್‌ನಲ್ಲಿ ಅದು ಒಂದು ಮಿ.ಮೀ.ಗೂ ಕಮ್ಮಿ, ಆದರೆ ಬೆರಳಿಟ್ಟರೆ ಮೆಟ್ಟಿಲು ಸಿಗುತ್ತದೆ.

ಮೊದಲ ಸಲ ಅಗಲದ ಕಡೆಯನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಒಡಲಿನ ಬಾಲ್ಸಾ ಮರ ತೆಳುವಾಗಿ ತೂತೇ ಬಿತ್ತು. ಎರಡನೇ ಸಲ ಅಂಟಿಸಿದ್ದು ಜುಲೈ ಮಳೆಯಲ್ಲಿ. ವಾರದೊಳಗೆ ಮೂತಿ ಎರಡು ಮಿ.ಮೀ. ತಿರುಚಿಕೊಂಡಿತು. ಅಲ್ಲಿಗೆ ನಾಲ್ಕು ಸಾವಿರದಷ್ಟು ನೀರಿಗೆ ಹೋಯಿತು. ಮನೆಯಲ್ಲಿ ಮಾತು ಕೇಳಿದ್ದೂ ಆಯಿತು.

ನಡುವೆ ಬೇಜಾರಾಗಿ ಅದೇ ವರ್ಗದ ಇನ್ನೊಂದು ಹಡಗು ವೈಕಿಂಗ್‌ನ ಮಾಡೆಲ್‌ಗೆ ಕೈ ಹಾಕಿದೆ. ಆರು ಚಿಮಣಿ ಇದ್ದ ಒಂದೇ ಡಿಸ್ಟ್ರಾಯರ್ ಅದು. ಹಳೇ ರೇಡಿಯೊ ಆಂಟೆನಾ ತುಂಡು ಮಾಡಿದರೆ ಚಿಮಣಿಗೆ ಬಹಳ ಚೆನ್ನಾಗಿ ಬರುತ್ತದೆ, ಮಾಡಿ ನೋಡಿ.

ಮೂರನೇ ಸಲ ಫೆಬ್ರವರಿವರೆಗೆ ಕಾದೆ. ಸಂದಿನ ಎರಡೂ ಕಡೆ ಪ್ಲೈವುಡ್ ಅಡ್ಡಗೋಡೆ ಕೂರಿಸಿ, ನಾಲ್ಕು ಸೈಕಲ್ ಕಡ್ಡಿ ತೂರಿಸಿದೆ. ಒಡಲನ್ನು ಕಡಪ ಕಲ್ಲಿನ ಮೇಲೆ ಬೋರಲು ಹಾಕಿ ನಾಲ್ಕು ದಿನ ಮುಟ್ಟಲಿಲ್ಲ. ಈ ಸಲ ಉಜ್ಜಲಿಲ್ಲ. ಕಿರಿದಾದ ಕಡೆಗೆ ವೆನೀರ್, ಅಂದರೆ ತೆಳು ಮರದ ಹಾಳೆ, ಹಚ್ಚಿ, ಒಂದು ಗೇಣು ದೂರದವರೆಗೆ ಇಳಿಜಾರು ಮಾಡಿದೆ. ಮೇಲಿನ ಪುಟ್ಟಿಗೆ ಏನು ಬೆರೆಸಿದೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ. ಆರು ತಿಂಗಳು ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದು. ಖರ್ಚು ಎರಡೂವರೆ ಸಾವಿರ ದಾಟಲಿಲ್ಲ.

ಎರಡು ಮಳೆಗಾಲ ಕಳೆದಿದೆ, ಕೂದಲೆಳೆಯಷ್ಟೂ ಬಿರುಕಿಲ್ಲ. ಗೆರೆ ಎಳೆಯಿರಿ ಅಂದಿದ್ದ ಗೆಳೆಯರು ಮೊನ್ನೆ ಬಂದಿದ್ದರು. ಕಣ್ಣು ಮುಚ್ಚಿ, ಮೂತಿಯಿಂದ ಹಿಂದಿನವರೆಗೆ ಉಗುರಲ್ಲಿ ಸವರಿದರು. ಎರಡು ಸಲ ಸವರಿದರು. ಸಂದು ಸಿಗಲಿಲ್ಲ.