ಪೈಪು ಹೊಸದು, ಸೋರಿಕೆ ಹಳೇದು: ನನ್ನ ಬೊಲೆರೊ ಪಿಕಪ್ಪಿನ ಅನುಭವ

ನನ್ನ ಬೊಲೆರೊ ಪಿಕಪ್ಪಿನಲ್ಲಿ ರೇಡಿಯೇಟರಿನ ಮೇಲಿನ ಪೈಪು (ಎಂಜಿನ್ನಿನ ಬಿಸಿ ನೀರನ್ನು ರೇಡಿಯೇಟರಿಗೆ ಒಯ್ಯುವ ರಬ್ಬರ್ ಪೈಪು) ಸೋರುವುದು ನಿಂತು ಎರಡು ಮಳೆಗಾಲ ಕಳೆಯಿತು. "ಅಂಟು ಹಚ್ಚಿದ ಗಾಡಿ ಚಾರ್ಮಾಡಿ ಘಾಟಿ ಹತ್ತಲ್ಲ, ಮೇಲೆ ಕೊಟ್ಟಿಗೆಹಾರ ಬರೋದ್ರೊಳಗೆ ಹಬೆ ಬಿಡುತ್ತೆ" ಅಂತ ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯ್ತು. ಅದಕ್ಕೇ ಬರೆಯುತ್ತಿದ್ದೇನೆ. ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರಿಗೆ ಇದು. ಪೈಪು ಬಿಗಿಯುವ ಕ್ಲಿಪ್ ಯಾವ ಕಡೆ ತಿರುಗಿಸಬೇಕು ಅನ್ನುವಲ್ಲಿಂದ ಶುರು ಮಾಡಲ್ಲ.

ಗಾಡಿ 2009ರದ್ದು. ಹಳೇ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್, 2523 ಸಿಸಿ. ಚಿಕ್ಕಮಗಳೂರಿನಿಂದ ಬೀನ್ಸು, ಕೋಸು ತುಂಬಿಕೊಂಡು ಘಾಟಿ ಇಳಿಯುವುದು, ಬರುವಾಗ ಬೆಳ್ತಂಗಡಿ ಕಡೆಯಿಂದ ತೆಂಗಿನಕಾಯಿ. ಇಳಿಯುವಾಗ ಏನೂ ತೊಂದರೆ ಇಲ್ಲ. ಲೋಡು ಹಾಕಿಕೊಂಡು ಸೆಕೆಂಡ್ ಗೇರಲ್ಲಿ ಹತ್ತುವಾಗ ಗೊತ್ತಾಗುತ್ತೆ ರೇಡಿಯೇಟರ್ ಹಣೆಬರಹ.

ಸೋರಿಕೆ ಹೇಗಿತ್ತು ಅಂತ ಮೊದಲು ಹೇಳಬೇಕು, ಯಾಕಂದರೆ ಎಲ್ಲರೂ ಎಡವಿದ್ದು ಅಲ್ಲೇ. ಬೆಳಿಗ್ಗೆ ಶೆಡ್ಡಿನಲ್ಲಿ ನೋಡಿದರೆ ನೆಲದ ಮೇಲೆ ಹಸಿರು ಹನಿ, ಅಂದರೆ ಎಂಜಿನ್ ತಣಿಸುವ ಕೂಲೆಂಟ್. ಗಾಡಿ ಓಡಿ ಬಿಸಿಯಾದ ಮೇಲೆ ಪೈಪು ಒಣ ಒಣ. ಗ್ಯಾರೇಜಿಗೆ ತೆಗೆದುಕೊಂಡು ಹೋದಾಗ ಎಂಜಿನ್ ಬಿಸಿಯೇ ಇರುತ್ತೆ ಅಲ್ವಾ? ಮೆಕ್ಯಾನಿಕ್ ಕೈ ಆಡಿಸಿ ನೋಡುತ್ತಾನೆ, "ಎಲ್ಲಿ ಸೋರ್ತಿದೆ ಸ್ವಾಮಿ?" ಅನ್ನುತ್ತಾನೆ. ಡಿಸೆಂಬರ್ ಜನವರಿಯಲ್ಲಿ ಜಾಸ್ತಿ, ಏಪ್ರಿಲ್‌ನಲ್ಲಿ ಕಡಿಮೆ. ಚಳಿಗೆ ರಬ್ಬರ್ ಕುಗ್ಗುತ್ತದೆ. ಸ್ಕ್ರೂ ಕ್ಲಿಪ್ಪು ಬಿಗಿ ಮಾಡಿದ ಅಳತೆಯಲ್ಲೇ ನಿಂತಿರುತ್ತದೆ. ಆ ಕೂದಲೆಳೆಯ ಸಂದಿನಲ್ಲಿ ಕೂಲೆಂಟ್ ಹೊರಗೆ. ಬಿಸಿಯಾದರೆ ರಬ್ಬರ್ ಉಬ್ಬಿ ಮತ್ತೆ ಮುಚ್ಚಿಕೊಳ್ಳುತ್ತದೆ. ಆದರೆ ಲೋಡಿನಲ್ಲಿ ಹತ್ತುವಾಗ ಒತ್ತಡ ಏರಿದರೆ ಅದೇ ಸಂದಿನಿಂದ ಸಣ್ಣಗೆ ಚಿಮ್ಮಿ ಫ್ಯಾನ್ ಗಾಳಿಗೆ ಆರಿಹೋಗುತ್ತದೆ. ಮೇಲೆ ಬಂದು ನಿಲ್ಲಿಸಿದರೆ ನೀರು ಕಮ್ಮಿ, ಪೈಪು ಒಣಗಿದೆ. ದೆವ್ವ ಹಿಡಿದಿದೆ ಅಂತಲೇ ಒಬ್ಬ ಹೇಳಿದ.

ಹಾಳಾದ ದುಡ್ಡಿನ ಕಥೆ ಕೇಳಿ. ಮೊದಲು ಲೋಕಲ್ ಪೈಪು ಹಾಕಿಸಿದ್ದು, ಇನ್ನೂರರ ಒಳಗೆ. ಮೂರ್ನಾಲ್ಕು ತಿಂಗಳಿಗೆ ಮತ್ತೆ ಹನಿ. ಆಮೇಲೆ ಒಳ್ಳೆಯ ಪೈಪು, ನಾನೂರೈವತ್ತರ ಹತ್ತಿರ. ಅದೂ ಅಷ್ಟೇ. ಇನ್ನೊಬ್ಬ ಬಂದು ಒಂದರ ಪಕ್ಕ ಇನ್ನೊಂದು ಅಂತ ಎರಡು ಕ್ಲಿಪ್ ಹಾಕಿ ಜೀವ ಹೋಗುವ ಹಾಗೆ ಬಿಗಿದ. ಸಸ್ತಾ ಕ್ಲಿಪ್ಪಿನ ಪಟ್ಟಿಯಲ್ಲಿ ಸೀಳು ಇರುತ್ತದಲ್ಲ, ಅದರೊಳಗೆ ರಬ್ಬರ್ ನುಗ್ಗಿ ಕುಯ್ದುಹೋಯ್ತು. ಹೊಸ ಪೈಪು ಹಾಳು. ಮತ್ತೊಬ್ಬ ಪೈಪಿನ ಒಳಗೆ ಶೆಲ್ಲಾಕ್ (ಗ್ಯಾಸ್ಕೆಟ್ ಅಂಟು) ಬಳಿದ. ಅದು ಸ್ವಲ್ಪ ದಿನ ತಡೆಯಿತು, ನಿಜ. ಆಮೇಲೆ ಪೈಪು ಬಿಚ್ಚಲು ಹೋದರೆ ಬರಲಿಲ್ಲ, ಚಾಕುವಿನಿಂದ ಸೀಳಿ ತೆಗೆಯಬೇಕಾಯ್ತು. ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಬಾಗಿಲು) ಕಿತ್ತು ಬಿಸಾಕು ಅಂದವರು ಬೇಕಾದಷ್ಟು ಜನ. ಕಿತ್ತೂ ನೋಡಿದೆ. ಸೋರಿಕೆ ಹಾಗೇ ಇತ್ತು. ಮೇಲಿಂದ ಎಂಜಿನ್ ಬಿಸಿ ಏರದೆ ಲೀಟರಿಗೆ ಒಂದು, ಒಂದೂವರೆ ಕಿಲೋಮೀಟರ್ ಮೈಲೇಜ್ ಬಿತ್ತು. ಮತ್ತೆ ತಂದು ಹಾಕಿದೆ.

ಪೈಪು, ಕ್ಲಿಪ್ಪು, ಲೇಬರ್ ಎಲ್ಲಾ ಸೇರಿ ಎರಡೂವರೆ ಸಾವಿರ. ಸುಮ್ನೆ ಸುರಿದ ಕೂಲೆಂಟ್ ಒಂದು ಎರಡು ಸಾವಿರ. ಒಮ್ಮೆ ಘಾಟಿ ಮಧ್ಯದ ತಿರುವಿನಲ್ಲಿ ನಿಂತು ಲೋಡನ್ನು ಬೇರೆ ಗಾಡಿಗೆ ಬದಲಿಸಿದ್ದಕ್ಕೆ ಮೂರೂವರೆ ಸಾವಿರ. ಪಾರ್ಟಿ ಬೈದದ್ದು ಫ್ರೀ. ಒಟ್ಟು ಎಂಟು ಸಾವಿರ ಅಂತ ಇಟ್ಟುಕೊಳ್ಳಿ, ಒಂದು ಪೈಪಿನ ಸೋರಿಕೆಗೆ.

ಅಲ್ಲಿಗೆ ನಾನೇ ಕೂತೆ. ಮೊದಲು ಬೇಕಾಗಿದ್ದು ತಣ್ಣಗಿರುವಾಗಲೇ ಒತ್ತಡ ಕೊಟ್ಟು ನೋಡುವ ಪಂಪು. ಅಂಗಡಿಯಲ್ಲಿ ಟೆಸ್ಟರ್ ಕಿಟ್ ಕೇಳಿದರೆ ನಾಲ್ಕೈದು ಸಾವಿರ ಅಂದರು. ನಾನು ಮಾಡಿಕೊಂಡಿದ್ದು ಹೀಗೆ. ಗುಜರಿಯಿಂದ ಹಳೇ ರೇಡಿಯೇಟರ್ ಕ್ಯಾಪ್ ತಂದು ಅದರ ಸ್ಪ್ರಿಂಗ್, ಕೆಳಗಿನ ವಾಷರ್ ಎರಡನ್ನೂ ಕಿತ್ತು ಹಾಕಿದೆ. ಮೇಲ್ಭಾಗದಲ್ಲಿ ಲಾರಿ ಟ್ಯೂಬಿನಿಂದ ಕತ್ತರಿಸಿದ ವಾಷರ್ ಕೂರಿಸಿದೆ. ಈಗ ಕ್ಯಾಪು ರೇಡಿಯೇಟರ್ ಬಾಯಿಯ ಮೇಲಂಚನ್ನು ಮಾತ್ರ ಮುಚ್ಚುತ್ತದೆ. ಕೂಲೆಂಟ್ ಬಾಟಲಿಗೆ ಹೋಗುವ ಸಣ್ಣ ಪೈಪು ಕಿತ್ತು, ಅಲ್ಲಿಗೆ ಬೇರೊಂದು ಪೈಪು ಸಿಕ್ಕಿಸಿ, ಅದರ ತುದಿಗೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಹಾಕಿ ಕ್ಲಿಪ್ ಮಾಡಿದೆ. ಮೀಟರ್ ಇರುವ ಸೈಕಲ್ ಪಂಪು ಮನೆಯಲ್ಲೇ ಇತ್ತು. ಖರ್ಚು ನೂರು ರೂಪಾಯಿ ದಾಟಲಿಲ್ಲ. ಆ ವಾಷರ್ ಗಾಳಿ ಬಿಡದ ಹಾಗೆ ಕೂರಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳಲ್ಲ, ಗಾಡಿ ತಂದರೆ ತೋರಿಸುತ್ತೇನೆ.

ಒಂದು ಎಚ್ಚರ. ನನ್ನ ಕ್ಯಾಪ್ ಮೇಲೆ 0.9 ಅಂತ ಇದೆ, ಅಂದರೆ 0.9 ಬಾರ್ ಒತ್ತಡ, ಸುಮಾರು 13 ಪಿಎಸ್ಐ. ಅಷ್ಟಕ್ಕೇ ನಿಲ್ಲಿಸಿ. ಟೈರಿಗೆ ಹೊಡೆದ ಹಾಗೆ ಹೊಡೆದರೆ ರೇಡಿಯೇಟರ್ ಟ್ಯಾಂಕಿನ ಬೆಸುಗೆಯೇ ಬಿಡುತ್ತದೆ. ಸ್ಪ್ರಿಂಗ್ ಕಿತ್ತಿರುವುದರಿಂದ ಹೆಚ್ಚಾದ ಗಾಳಿ ತಾನಾಗಿ ಹೊರಗೆ ಹೋಗಲ್ಲ, ನೆನಪಿರಲಿ.

ಬೆಳಿಗ್ಗೆ ಆರು ಗಂಟೆಗೆ, ಸ್ಟಾರ್ಟ್ ಮಾಡದೆ, ಪಂಪು ಹೊಡೆದೆ. ಹತ್ತು ಪಿಎಸ್ಐ ಆಗುತ್ತಿದ್ದ ಹಾಗೆ ಎಂಜಿನ್ ಕಡೆಯ ತುದಿಯಲ್ಲಿ, ಕ್ಲಿಪ್ಪಿನ ಕೆಳಗಿನಿಂದ, ಹನಿ ಕಟ್ಟಿತು. ಟಾರ್ಚ್ ಹಿಡಿದು ನೋಡುತ್ತಲೇ ಇದ್ದೆ. ಹನಿ ದಪ್ಪವಾಗಿ, ಥರ್ಮೋಸ್ಟಾಟ್ ಕೂತಿರುವ ಹೌಸಿಂಗ್ ಮೇಲೆ ಜಾರಿ, ಬೋಲ್ಟಿನ ತಲೆ ಸುತ್ತಿ ಕೆಳಗಿಳಿಯಿತು. ರೇಡಿಯೇಟರ್ ಕಡೆಯ ತುದಿ ಒಣಗಿತ್ತು. ಅಷ್ಟು ದಿನ ಆ ತುದಿಯನ್ನೇ ಎಲ್ಲರೂ ಬಿಗಿಯುತ್ತಿದ್ದರು, ಯಾಕಂದರೆ ಕೈಗೆ ಸುಲಭವಾಗಿ ಸಿಗುವುದು ಅದೇ.

ಪೈಪು ಬಿಚ್ಚಿದಾಗ ವಿಷಯ ಗೊತ್ತಾಯ್ತು. ಥರ್ಮೋಸ್ಟಾಟ್ ಹೌಸಿಂಗಿನ ಅಲ್ಯೂಮಿನಿಯಂ ಬಾಯಿಯ ಮೇಲೆ ಬಿಳಿ ಹಿಟ್ಟು. ಉಗುರಿನಿಂದ ಕೆರೆದರೆ ಉದುರುತ್ತದೆ. ಬ್ರಷ್ ಹಾಕಿದರೆ ಕೆಳಗೆಲ್ಲ ಸಿಡುಬಿನ ಕಲೆಯ ಹಾಗೆ ಗುಳಿ. ಕೆಳಮಗ್ಗುಲಲ್ಲಿ ಎರಡು ಮೂರು ಗುಳಿ ಸೇರಿ ಒಂದು ಸಣ್ಣ ಕಾಲುವೆಯೇ ಆಗಿತ್ತು, ಒಳಗಿನ ಅಂಚಿನಿಂದ ಕ್ಲಿಪ್ ಕೂರುವ ಜಾಗದ ಆಚೆವರೆಗೆ. ಎಷ್ಟು ಹೊಸ ಪೈಪು ಹಾಕಿದರೇನು, ನೀರಿಗೆ ದಾರಿ ಕೆಳಗೇ ಇದೆ. ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರು ಕುಡಿದ ಎಂಜಿನ್ ಅದು, ನನಗಿಂತ ಮೊದಲಿನ ಓನರ್ ಕೈಯಲ್ಲಿ.

ಹೊಸ ಹೌಸಿಂಗ್ ಹಾಕು ಅನ್ನುವುದು ಎಲ್ಲರ ಮಾತು. ಎರಡು ಸಾವಿರದ ಆಸುಪಾಸು, ಲೇಬರ್ ಬೇರೆ. ದುಡ್ಡಿಗಿಂತ ನನಗೆ ಹೆದರಿಕೆ ಇದ್ದದ್ದು ಬೋಲ್ಟಿನದು. ಥರ್ಮೋಸ್ಟಾಟ್ ಕಿತ್ತಾಗ ಹೇಗೋ ಬಚಾವಾಗಿತ್ತು, ಆದರೆ ಅಷ್ಟು ವರ್ಷ ಅಲ್ಯೂಮಿನಿಯಂ ಜೊತೆ ತುಕ್ಕು ಹಿಡಿದ ಬೋಲ್ಟು ಈ ಸಲ ಸ್ಪ್ಯಾನರ್ ಹಾಕಿದ ಕೂಡಲೇ ಕತ್ತರಿಸಿತು ಅಂದರೆ ಮುಂದೆ ಡ್ರಿಲ್ಲು, ಟ್ಯಾಪು, ನಸೀಬು ಕೆಟ್ಟರೆ ಎಂಜಿನ್ ಹೆಡ್ಡೇ ಬಿಚ್ಚುವ ಕೆಲಸ. ಹೌಸಿಂಗ್ ಬಿಚ್ಚದೆ, ಇದ್ದಲ್ಲೇ ಗುಳಿ ತುಂಬುವುದು ಅಂತ ತೀರ್ಮಾನ ಮಾಡಿದೆ. ನಕ್ಕಿದ್ದು ಇದಕ್ಕೇ.

ತುಂಬಲು ನಲ್ಲಿ ಪೈಪಿಗೆ ಹಚ್ಚುವ ಮಾಮೂಲಿ ಸೀಲು ಬೇಡ. ಬಿಸಿ ನೀರಿಗೆ ಮೆತ್ತಗಾಗಿ ಎದ್ದು ಬರುತ್ತದೆ. ಸ್ಟೀಲ್ ಪುಡಿ ಸೇರಿಸಿದ, ಎರಡು ಟ್ಯೂಬಿನಲ್ಲಿ ಬರುವ ಎಪಾಕ್ಸಿ ಬೇಕು. ಪ್ಯಾಕೆಟ್ ಹಿಂದೆ ಎಷ್ಟು ಡಿಗ್ರಿ ತಡೆಯುತ್ತೆ ಅಂತ ಬರೆದಿರುತ್ತಾರೆ, 120ಕ್ಕಿಂತ ಕಮ್ಮಿ ಇದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕೂಲೆಂಟ್ ಎರಡು ಮೂರು ಲೀಟರ್ ಕೆಳಗಿನಿಂದ ಬಕೆಟ್ಟಿಗೆ ಬಿಟ್ಟೆ. ಆ ಬಕೆಟ್ ಮುಚ್ಚಿಡಿ. ಸಿಹಿ ಇರುತ್ತದೆ ಅಂತ ನಾಯಿ, ದನ ನೆಕ್ಕಿದರೆ ಉಳಿಯಲ್ಲ. ವೈರ್ ಬ್ರಷ್ಷಿನಿಂದ ಗುಳಿಯ ತಳದವರೆಗೂ ಉಜ್ಜಿದೆ. ಆಮೇಲೆ 120 ನಂಬರ್ ಎಮರಿ (ಉಜ್ಜುವ ಕಾಗದ), ಬೆಳ್ಳಗೆ ಹೊಳೆಯುವ ಲೋಹ ಕಾಣುವವರೆಗೆ. ಈ ಕೆಲಸಕ್ಕೇ ಒಂದು ಗಂಟೆ ಬೇಕು. ಬಾಯಿಯೊಳಗೆ ಬಟ್ಟೆ ತುರುಕಿಟ್ಟಿದ್ದೆ, ಪುಡಿ ಒಳಗೆ ಹೋಗದಂತೆ. ಅಸಿಟೋನ್‌ನಿಂದ ಒರೆಸಿ, ಮತ್ತೆ ಒರೆಸಿ. ಬಟ್ಟೆಗೆ ಕಪ್ಪು ಹತ್ತುತ್ತಿದ್ದರೆ ಇನ್ನೂ ಆಗಿಲ್ಲ ಅಂತ. ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡು ಸಾಕು ಅಂಟು ಏಳಲಿಕ್ಕೆ.

ಎಪಾಕ್ಸಿಯನ್ನು ಗುಳಿಯೊಳಗೆ ಒತ್ತಿ ಒತ್ತಿ ತುಂಬಿದೆ, ಮೇಲೆ ಬಳಿಯಲಿಲ್ಲ. ಗುಳಿ ತುಂಬಿ ಸ್ವಲ್ಪ ಉಬ್ಬು ನಿಂತರೆ ಸಾಕು. ಒಳಗಿನ ಅಂಚಿಗೆ ಹೋಗಬಾರದು, ತುಂಡು ಕಿತ್ತು ರೇಡಿಯೇಟರ್ ಸೇರಿದರೆ ಹೊಸ ತಲೆನೋವು. ಒಂದು ರಾತ್ರಿ ಬಿಟ್ಟೆ. ಮಲೆನಾಡಿನ ಚಳಿಗೆ ಗಟ್ಟಿಯಾಗಲ್ಲ ಅನಿಸಿ, ಪಕ್ಕದಲ್ಲಿ ನೂರು ವ್ಯಾಟಿನ ಹಳೇ ಬಲ್ಬು ಹಚ್ಚಿಟ್ಟೆ. ಮಾರನೇ ದಿನ ಸಣ್ಣ ಅರದಲ್ಲಿ ಉಬ್ಬು ತೆಗೆದು, 400 ನಂಬರ್ ಎಮರಿಯನ್ನು ಪಟ್ಟಿ ಮಾಡಿ ಬಾಯಿ ಸುತ್ತ ಎಳೆದಾಡಿದೆ. ಉರುಟು ಸರಿ ಬರದಿದ್ದರೆ ಎಲ್ಲಾ ವ್ಯರ್ಥ. ಅದನ್ನು ಪೂರ್ತಿ ಉರುಟು ಮಾಡಲು ನಾನು ಹಳೇ ಪೈಪಿನ ತುಂಡನ್ನೇ ಬಳಸಿದೆ, ಅಷ್ಟು ಸುಳಿವು ಸಾಕು.

ಪೈಪು ಕೂರಿಸುವಾಗ ಒಳಗೆ ಕೂಲೆಂಟ್ ಸವರಿದರೆ ಜಾರಿ ಹೋಗುತ್ತದೆ. ಗ್ರೀಸು, ಆಯಿಲ್ ಬೇಡವೇ ಬೇಡ. ಕ್ಲಿಪ್ಪು ಬಾಯಿಯ ಉಬ್ಬಿನ ಹಿಂದೆ ಕೂರಬೇಕು, ಉಬ್ಬಿನ ಮೇಲಲ್ಲ. ನಾನು ಹಾಕಿದ್ದು ಟಿ-ಬೋಲ್ಟ್ ಕ್ಲಿಪ್, ಒಂದಕ್ಕೆ ನೂರಿಪ್ಪತ್ತರ ಹತ್ತಿರ. ಸೀಳಿಲ್ಲದ ಪಟ್ಟಿ, ಸುತ್ತಲೂ ಒಂದೇ ಸಮ ಹಿಡಿಯುತ್ತದೆ. ಸ್ಪ್ರಿಂಗ್ ಕ್ಲಿಪ್ಪು ಸರಿಯಾದ ಸೈಜಿನದು ಸಿಕ್ಕರೆ ಇನ್ನೂ ಒಳ್ಳೆಯದು, ಚಳಿಗೆ ರಬ್ಬರ್ ಕುಗ್ಗಿದರೆ ಅದೂ ಜೊತೆಗೇ ಕುಗ್ಗುತ್ತದೆ. ನನಗೆ ನಮ್ಮೂರಲ್ಲಿ ಸಿಗಲಿಲ್ಲ. ರೇಡಿಯೇಟರ್ ಕಡೆಯ ಹಿತ್ತಾಳೆ ಬಾಯಿ ತೆಳು, ಅಲ್ಲಿ ಪೌರುಷ ತೋರಿಸಿದರೆ ಚಪ್ಪಟೆಯಾಗುತ್ತದೆ. ಒಮ್ಮೆ ಬಿಸಿಯಾಗಿ ಪೂರ್ತಿ ಆರಿದ ಮೇಲೆ ಎರಡೂ ಕಡೆ ಅರ್ಧ ಸುತ್ತು ಬಿಗಿ ಮಾಡಿದೆ.

ಕ್ಯಾಪ್ ತೆಗೆದಿಟ್ಟು ಐಡಲಿಂಗಲ್ಲಿ ಓಡಿಸಿ, ಪೈಪನ್ನು ಹಿಚುಕಿ ಹಿಚುಕಿ ಗಾಳಿ ತೆಗೆದೆ. ಮೇಲಿನ ಪೈಪು ಬಿಸಿಯಾದ ಮೇಲೆ ಗುಳ್ಳೆ ಬರುವುದು ನಿಲ್ಲಬೇಕು. ಮರುದಿನ ಬೆಳಿಗ್ಗೆ ಮತ್ತೆ ಪಂಪು, 13ಕ್ಕೆ. ಇಪ್ಪತ್ತು ನಿಮಿಷ ಮುಳ್ಳು ಅಲುಗಾಡಲಿಲ್ಲ. ಆ ವಾರವೇ ಪೂರ್ತಿ ಲೋಡು ತೆಂಗಿನಕಾಯಿ ಹಾಕಿ ಚಾರ್ಮಾಡಿ ಹತ್ತಿಸಿದೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರು ದೋಸೆ ತಿಂದು, ಎಂಜಿನ್ ಆರಿದ ಮೇಲೆ ನೋಡಿದರೆ ಬಾಟಲಿಯ ಗೆರೆ ಹೊರಟಾಗ ಇದ್ದಲ್ಲೇ. ಫೋಟೋ ತೆಗೆದು ನಕ್ಕವರಿಗೆಲ್ಲ ಕಳಿಸಿದೆ.

ಕೈ ಹಚ್ಚಿದ ಮೇಲೆ ಸುಮ್ನೆ ಇರಲಿಕ್ಕೆ ಆಗುತ್ತಾ? ಹಳೇ ಡ್ರೈವರುಗಳು ಹೇಳುವ ಅರಿಶಿನ ಪುಡಿಯ ಮದ್ದನ್ನು ಗುಜರಿ ರೇಡಿಯೇಟರಿನಲ್ಲಿ ಹಾಕಿ ನೋಡಿದೆ. ಜಾಲರಿಯ ಸೂಜಿ ತೂತು ನಿಜವಾಗಿಯೂ ಮುಚ್ಚಿತು. ಪೈಪಿನ ಬಾಯಿಯ ಸೋರಿಕೆಗೆ ಮಾತ್ರ ಏನೂ ಆಗಲಿಲ್ಲ. ಟ್ಯಾಂಕ್ ಬಿಚ್ಚಿದಾಗ ಟ್ಯೂಬುಗಳ ಬಾಯಲ್ಲಿ ಹಳದಿ ಕೆಸರು ಕಟ್ಟಿತ್ತು. ಮನೆ ಮುಟ್ಟಲಿಕ್ಕೆ ಸರಿ, ಆಮೇಲೆ ಪೂರ್ತಿ ತೊಳೆಯಬೇಕು.

ಪೈಪಿನ ತುಂಡುಗಳನ್ನು ಎರಡು ಬಾಟಲಿಯಲ್ಲಿ ಇಟ್ಟೆ, ಒಂದರಲ್ಲಿ ಕೂಲೆಂಟ್, ಒಂದರಲ್ಲಿ ಹಳೇ ಎಂಜಿನ್ ಆಯಿಲ್. ತಿಂಗಳಾದ ಮೇಲೆ ಕೂಲೆಂಟಿನದ್ದು ಹಾಗೇ ಇತ್ತು. ಆಯಿಲಿನದ್ದು ಊದಿ, ಮೆತ್ತಗಾಗಿ, ಉಗುರು ಒಳಗಿಳಿಯುತ್ತಿತ್ತು. ಎಂಜಿನ್ ಮೇಲಿನ ಟ್ಯಾಪೆಟ್ ಕವರಿನಿಂದ ಪೈಪಿನ ಮೇಲೆ ಆಯಿಲ್ ಜಿನುಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಮೊದಲು ಕಿತ್ತಿದ್ದ ಹಳೇ ಥರ್ಮೋಸ್ಟಾಟನ್ನೂ ದಾರದಲ್ಲಿ ಕಟ್ಟಿ ನೀರಲ್ಲಿ ಕುದಿಸಿ ನೋಡಿದೆ, 82 ಡಿಗ್ರಿ ಹತ್ತಿರ ಬಾಯಿ ಬಿಟ್ಟಿತು. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಈಗ ಶೆಡ್ಡಿನಲ್ಲಿದೆ.

ಕ್ಯಾಪ್ ಸಡಿಲ ಮಾಡಿ ಓಡಿಸಿದರೆ ಸೋರಲ್ಲ ಅನ್ನುವವರಿಗೆ ಒಂದು ಮಾತು. ಒತ್ತಡ ಇಲ್ಲದಿದ್ದರೆ ಸೋರಲ್ಲ, ಸರಿ. ಆದರೆ 0.9ರ ಕ್ಯಾಪ್ ಸರಿಯಾಗಿ ಕೂತಿದ್ದರೆ ಬರೀ ನೀರು ಕೂಡ ಸುಮಾರು 117 ಡಿಗ್ರಿವರೆಗೆ ಕುದಿಯಲ್ಲ. ಸಡಿಲ ಬಿಟ್ಟರೆ ಘಾಟಿ ಮೇಲೆ 97ಕ್ಕೇ ಕುದಿಯುತ್ತದೆ. ಸಮತಟ್ಟು ರಸ್ತೆಯಲ್ಲಿ, ಖಾಲಿ ಗಾಡಿಯಲ್ಲಿ ನಿಧಾನಕ್ಕೆ ಮನೆಗೆ ಬರಲು ಅಡ್ಡಿಯಿಲ್ಲ. ಲೋಡಿನಲ್ಲಿ ಘಾಟಿ ಹತ್ತಿದರೆ ಹೆಡ್ ಗ್ಯಾಸ್ಕೆಟ್‌ಗೆ ದುಡ್ಡು ತೆಗೆದಿಟ್ಟುಕೊಂಡೇ ಹತ್ತಿ.

ನನ್ನ ಖರ್ಚು: ಎಪಾಕ್ಸಿ ಇನ್ನೂರೈವತ್ತು, ಪೈಪು ನಾನೂರೈವತ್ತು, ಕ್ಲಿಪ್ಪು ಎರಡಕ್ಕೆ ಇನ್ನೂರೈವತ್ತರ ಒಳಗೆ, ಕೂಲೆಂಟ್ ಮತ್ತು ಅದಕ್ಕೆ ಬೆರೆಸಿದ ಬ್ಯಾಟರಿ ನೀರು ಆರೇಳು ನೂರು. ಹದಿನೇಳು ನೂರು ದಾಟಿಲ್ಲ. ಕೆಳಗಿನ ಪೈಪಿನ ಬಾಯಿಯನ್ನು ಇನ್ನೂ ಬಿಚ್ಚಿ ನೋಡಿಲ್ಲ. ಅದು ವಾಟರ್ ಪಂಪ್ ಎಳೆದುಕೊಳ್ಳುವ ಕಡೆ, ಒಳಗೆ ಸ್ಪ್ರಿಂಗ್ ಇಲ್ಲದಿದ್ದರೆ ಪೈಪು ಒಳಗೆಳೆದು ಚಪ್ಪಟೆಯಾಗುತ್ತದೆ. ಮುಂದಿನ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಗಾಡಿ ನಿಲ್ಲಿಸಿದಾಗ ಅದಕ್ಕೂ ಕೈ ಹಾಕುವುದು.